ಫ್ನೂ ತಿಪ್ಪೇಸ್ವಾಮಿ

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ತಿಪ್ಪೇಸ್ವಾಮೀ’ ಎಂದು ಒಂದು ಕೂಗು ಹಾಕಿದರೆ ಬಳ್ಳಾರಿ ಬಸ್ಸಿನ ಡ್ರೈವರು, ಮಂಡಕ್ಕಿ ಕಲಸುವವನು, ಚಿಲ್ಲರೆಗೆ ಜಗಳವಾಡುತ್ತಿದ್ದ ಕಂಡಕ್ಟರು ಮೂವರೂ ತಿರುಗಿ ನೋಡುತ್ತಾರೆ. ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಯ ಹೆಸರಿಡದ ಮನೆಯನ್ನು ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕುಗಳಲ್ಲಿ ಹುಡುಕಿಯೇ ತೆಗೆಯಬೇಕು. ಆದ್ದರಿಂದ ಈ ಬರಹದ ನಾಯಕನಿಗೂ ಅದೇ ಹೆಸರಿಟ್ಟಿದ್ದೇನೆ. ಯಾರೋ ಒಬ್ಬನ ಬಗ್ಗೆ ಬರೆದಿದ್ದಾನೆ ಎಂಬ ಮಾತು ಬರಬಾರದು. ಎಲ್ಲರ ಬಗ್ಗೆಯೂ ಬರೆದಿದ್ದಾನೆ ಎಂದು ಬಂದರೆ ಚಿಂತೆಯಿಲ್ಲ. ಈತ ಅಮೆರಿಕದಲ್ಲಿ ಎಂ.ಎಸ್. ಓದುತ್ತಿರುವ, ಅಥವಾ ಓದಿ ಮುಗಿಸಿರುವ, ಅಥವಾ ಮುಗಿದರೆ ವಾಪಸು ಬರಬೇಕಾಗುತ್ತದಲ್ಲ ಎಂದು ಇನ್ನೊಂದು ಎಂ.ಎಸ್. ಶುರು ಮಾಡಿರುವ ಹುಡುಗ.

ಊರಿನಲ್ಲಿ ಈ ಹೆಸರಿಗೆ ಹಿಂದೊಂದು ಮುಂದೊಂದು ಬೇಕಿರಲಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ತಿಪ್ಪೇಸ್ವಾಮಿ’ ಅಂದರೆ ತಿಪ್ಪೇಸ್ವಾಮಿ, ಪಾಸ್‌ಪೋರ್ಟಿನಲ್ಲೂ ಅಷ್ಟೇ. ಆದರೆ ಅಮೆರಿಕದ ವೀಸಾ ಮುದ್ರಿಸುವವರಿಗೆ ಎರಡು ಹೆಸರು ಬೇಕೇ ಬೇಕು. ಒಂದೇ ಇದ್ದರೆ ಅದನ್ನು ಮನೆತನದ ಹೆಸರಿನ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹೊಡೆಯುತ್ತಾರೆ. ಫಸ್ಟ್ ನೇಮ್ ಅನ್‌ನೋನ್. ಮೊದಲ ಹೆಸರು ಗೊತ್ತಿಲ್ಲ. ವೀಸಾದಿಂದ ಅದು ವಿಶ್ವವಿದ್ಯಾಲಯದ ದಾಖಲೆಗೆ, ಅಲ್ಲಿಂದ ಗುರುತಿನ ಚೀಟಿಗೆ, ಅಲ್ಲಿಂದ ಬ್ಯಾಂಕ್ ಕಾರ್ಡಿಗೆ ಇಳಿಯಿತು. ಪ್ರೊಫೆಸರು ಮೊದಲ ದಿನ ಹಾಜರಿ ಕರೆದು, ‘ಫ್ನೂ?’ ಎಂದರು. ಮೂರು ಜನ ಎದ್ದು ನಿಂತರು. ಒಬ್ಬಳು ಇಂಡೋನೇಷ್ಯಾದವಳು, ಒಬ್ಬ ಆಫ್ಘಾನಿಸ್ತಾನದವನು, ಇನ್ನೊಬ್ಬ ನಮ್ಮವನು. ಚಳ್ಳಕೆರೆ ಬಸ್‌ಸ್ಟ್ಯಾಂಡು ಬಿಟ್ಟು ಬಂದ ಮೇಲೆ ತಿಪ್ಪೇಸ್ವಾಮಿಗೆ ಮೊದಲ ಸಲ ಮನೆಯಲ್ಲಿದ್ದೇನೆ ಅನ್ನಿಸಿದ್ದು ಆಗ.

ಅಮೆರಿಕಕ್ಕೆ ಹೋಗುವ ದಾರಿ ಏರ್‌ಪೋರ್ಟಿನಿಂದ ಶುರುವಾಗುತ್ತದೆ ಎಂದು ತಿಳಿದವರು ಪಟ್ಟಣದವರು. ನಮ್ಮ ಕಡೆ ಅದು ತಾಲ್ಲೂಕು ಕಚೇರಿಯ ಪಹಣಿ ಕೌಂಟರಿನಿಂದ ಶುರುವಾಗುತ್ತದೆ. ಜಮೀನಿನ ಕಾಗದ ಬ್ಯಾಂಕಿಗೆ ಹೋಗಬೇಕು, ಬ್ಯಾಂಕಿನ ಕಾಗದ ವಿಶ್ವವಿದ್ಯಾಲಯಕ್ಕೆ ಹೋಗಬೇಕು, ಒಂದು ವರ್ಷದ ಖರ್ಚಿಗೆ ಸಾಕಾಗುವಷ್ಟು ದುಡ್ಡಿದೆ ಎಂದು ಅವರಿಗೆ ನಂಬಿಕೆ ಬಂದ ಮೇಲೆ ಅಲ್ಲಿಂದ ಐ-20 ಎಂಬ ಕಾಗದ ಬರಬೇಕು. ಸಾಲ ಸಾಕಾಗದಿದ್ದರೆ ಮಂಡಿ ಇಟ್ಟಿರುವ ಸೋದರಮಾವನ ದುಡ್ಡು ಅಪ್ಪನ ಖಾತೆಗೆ ಬಂದು, ನಾಲ್ಕು ದಿನ ನೆಂಟರಂತೆ ಕೂತು, ಫೋಟೊ ತೆಗೆಸಿಕೊಂಡು ವಾಪಸು ಹೋಗುತ್ತದೆ. ಆಮೇಲೆ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್‌ನ ಶುಲ್ಕ 350 ಡಾಲರು, ವೀಸಾ ಅರ್ಜಿಗೆ 185 ಡಾಲರು. ಅಪ್ಪನದು ಎಲ್ಲಕ್ಕೂ ಒಂದೇ ಪ್ರಶ್ನೆ: ‘ಎಷ್ಟು ಚೀಲ ಆತು?’ ಎಣ್ಣೆ ಗಾಣಗಳ ಊರಾದ ಚಳ್ಳಕೆರೆಯಲ್ಲಿ ಡಾಲರಿಗೂ ರೂಪಾಯಿಗೂ ನಡುವೆ ಶೇಂಗಾ ಚೀಲವೆಂಬ ಮೂರನೆಯ ನಾಣ್ಯವೊಂದಿದೆ. ಡಾಲರು 85 ರೂಪಾಯಿ ದಾಟಿದ ದಿನ ಟಿ.ವಿ.ಯಲ್ಲಿ ಅರ್ಥಶಾಸ್ತ್ರಜ್ಞರು ಅರ್ಧ ಗಂಟೆ ವಿವರಿಸಿದ್ದನ್ನು ಅಪ್ಪ ಎರಡೇ ಮಾತಿನಲ್ಲಿ ಮುಗಿಸಿದ: ‘ಫೀಸು ಹತ್ತು ಚೀಲ ಜಾಸ್ತಿ ಆತು. ಮಳೆ ಆಗಿಲ್ಲ.’

ವೀಸಾ ಸಂದರ್ಶನದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದು ನಡೆಯುವುದೂ ಮೂರು ನಿಮಿಷ. ಅದಕ್ಕೆ ಮುಂಚಿನ ತಯಾರಿಯೇ ದೊಡ್ಡದು. 2025ರ ಜೂನ್‌ನಿಂದ ವೀಸಾ ಕೇಳುವ ವಿದ್ಯಾರ್ಥಿಗಳು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ಅಮೆರಿಕ ಹೇಳಿತು. ಅಣ್ಣನ ಹಿಂದೆಯೇ ವೀಸಾಕ್ಕೆ ಹೊರಟಿದ್ದ ತಿಪ್ಪೇಸ್ವಾಮಿಯ ತಮ್ಮ, ಅಂದರೆ ಇನ್ನೊಬ್ಬ ತಿಪ್ಪೇಸ್ವಾಮಿ, ಅಂದು ರಾತ್ರಿಯಿಡೀ ಕೂತು ತನ್ನ ಇನ್‌ಸ್ಟಾಗ್ರಾಂ ತೊಳೆದ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ತಮಟೆಗೆ ಕುಣಿದದ್ದು, ಯಾವನದೋ ಹುಟ್ಟುಹಬ್ಬದ ಫ್ಲೆಕ್ಸಿನ ಕೆಳಗಿನ ಸಾಲಿನಲ್ಲಿ ಕನ್ನಡಕ ಹಾಕಿಕೊಂಡು ನಿಂತದ್ದು, ಕತ್ತಿಯಿಂದ ಕೇಕು ಕತ್ತರಿಸಿದ್ದು. ಅಮೆರಿಕ ಸರ್ಕಾರ ಇದರಲ್ಲಿ ಏನು ಹುಡುಕುತ್ತಿತ್ತೋ ಗೊತ್ತಿಲ್ಲ, ನಮ್ಮ ಹುಡುಗನಿಗಂತೂ ತನ್ನ ಬಗ್ಗೆ ತನಗೇ ಹೆದರಿಕೆಯಾಯಿತು.

ಇಷ್ಟೆಲ್ಲ ಮಾಡಿ ಅಣ್ಣ ಹೋಗಿ ಇಳಿದದ್ದು ಎಲ್ಲಿ? ಟೆಕ್ಸಾಸಿನ ಲಬ್ಬಕ್ ಎಂಬ ಊರಿನಲ್ಲಿ. ಅಲ್ಲಿ 1923ರಲ್ಲಿ ಶುರುವಾದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯವಿದೆ. ಅದರ ಸುತ್ತ ಏನಿದೆ ಎಂದು ಮಾತ್ರ ಯಾವ ಕನ್ಸಲ್ಟೆನ್ಸಿಯವನೂ ಇವನಿಗೆ ಹೇಳಿರಲಿಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ಚಪ್ಪಟೆ ನೆಲ, ಒಣ ಹುಲ್ಲು, ಹತ್ತಿ ಹೊಲ, ಶೇಂಗಾ ಹೊಲ, ಗಾಳಿ, ಧೂಳು, ಗಾಳಿಯಂತ್ರ. ಮಳೆಯ ಮಾತು ಬಂದರೆ ಅಲ್ಲಿನ ರೈತನೂ ಮೇಲೆ ನೋಡಿ ನಿಟ್ಟುಸಿರು ಬಿಡುತ್ತಾನೆ. ಗಾಳಿಯಂತ್ರಗಳದ್ದೇ ಒಂದು ಮ್ಯೂಸಿಯಂ ಬೇರೆ ಇದೆ. ಚಿತ್ರದುರ್ಗದ ಗುಡ್ಡದ ಮೇಲೆ ಬಿಟ್ಟಿ ನೋಡಿದ್ದನ್ನು ಟಿಕೆಟ್ ಕೊಟ್ಟು ನೋಡಲು ತಿಪ್ಪೇಸ್ವಾಮಿಗೆ ಮನಸ್ಸಾಗಲಿಲ್ಲ. ವಿಮಾನದ ಕಿಟಕಿಯಿಂದ ಕೆಳಗೆ ನೋಡಿದವನು ಪೈಲಟ್ ದಾರಿ ತಪ್ಪಿ ಪರಶುರಾಂಪುರದ ಮೇಲೆ ಬಂದಿದ್ದಾನೆ ಎಂದುಕೊಂಡನಂತೆ. ಬಂದ ಒಂದು ವಾರಕ್ಕೆ ಆಕಾಶದಷ್ಟು ಎತ್ತರದ ಕೆಂಪು ಧೂಳಿನ ಗೋಡೆ ಊರಿನ ಮೇಲೆ ಉರುಳಿ ಬಂತು. ಸಹಪಾಠಿಗಳು ವಿಡಿಯೊ ಮಾಡುತ್ತ ಕಿರುಚಿದರು. ಇವನು ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ಬಟ್ಟೆ ಎತ್ತಲು ಹೋದ.

ರೂಮಿನವನ ವಿಚಾರ ಇನ್ನೂ ಚೆನ್ನ. ಹೊಸ ದೇಶ, ಹೊಸ ಜನ, ಜಗತ್ತಿನ ನಾಲ್ಕು ಮೂಲೆಯವರ ಜೊತೆ ಒಡನಾಟ ಎಂದೆಲ್ಲ ವಿಶ್ವವಿದ್ಯಾಲಯದ ಪುಸ್ತಿಕೆಯಲ್ಲಿ ಅಚ್ಚಾಗಿತ್ತು. ಬಾಗಿಲು ತೆಗೆದವನು ರಾಯದುರ್ಗದವನು. ಮೊಳಕಾಲ್ಮೂರಿನಲ್ಲಿ ಬಸ್ಸು ಹತ್ತಿ ಟಿಕೆಟ್ ತೆಗೆಸುವುದರೊಳಗೆ ಸಿಗುವ ಆಂಧ್ರದ ಆ ರಾಯದುರ್ಗ. ಇವನ ಚಿಕ್ಕಮ್ಮನನ್ನು ಕೊಟ್ಟ ಊರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಜಗತ್ತಿನ ಉಳಿದ ಮೂರು ಮೂಲೆಗಳ ಆಸೆ ಬಿಟ್ಟು, ಅನ್ನಕ್ಕಿಟ್ಟರು. ಗಡಿಯ ಹುಡುಗನಾದ್ದರಿಂದ ತಿಪ್ಪೇಸ್ವಾಮಿಗೆ ತೆಲುಗು ಬರುತ್ತಿತ್ತು, ಮತ್ತು ಅಮೆರಿಕದಲ್ಲಿ ಅವನನ್ನು ಮೊದಲ ವರ್ಷ ಕಾಪಾಡಿದ್ದು ಇಂಗ್ಲಿಷ್ ಅಲ್ಲ, ತೆಲುಗು. ಮನೆ ಹುಡುಕಿದ್ದು, ಹಳೆಯ ಕಾರು ಕೊಂಡದ್ದು, ಅಸೈನ್‌ಮೆಂಟು ಬರೆದದ್ದು ಎಲ್ಲ ತೆಲುಗಿನಲ್ಲೇ. 2023-24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರ ಸಂಖ್ಯೆ 3,31,602 ಆಗಿ, 2009ರ ನಂತರ ಮೊದಲ ಸಲ ನಾವು ಚೀನಾವನ್ನು ಹಿಂದೆ ಹಾಕಿದೆವು ಎಂದು ಪತ್ರಿಕೆಗಳು ಬರೆದವು. ಅವರಲ್ಲಿ ಅರ್ಧ ಜನ ತನ್ನ ಅಡುಗೆಮನೆಯಲ್ಲೇ ಇದ್ದರು ಎಂಬುದು ತಿಪ್ಪೇಸ್ವಾಮಿಯ ಅಂದಾಜು.

ಇನ್ನು ಶೇಂಗಾ. ಅವ್ವ ಕಟ್ಟಿಕೊಟ್ಟ ಎರಡು ಸೂಟ್‌ಕೇಸುಗಳಲ್ಲಿ ಒಂದರ ತುಂಬ ಶೇಂಗಾ ಚಟ್ನಿಪುಡಿ, ಶೇಂಗಾ ಉಂಡೆ, ಹುರಿದ ಶೇಂಗಾ. ವಿಭಾಗದಲ್ಲಿ ಎಲ್ಲರೂ ಮನೆಯಿಂದ ಒಂದೊಂದು ತಿಂಡಿ ತರುವ ಕೂಟ ಏರ್ಪಾಡಾಯಿತು. ತಿಪ್ಪೇಸ್ವಾಮಿ ಉಂಡೆಗಳನ್ನು ತಟ್ಟೆಯಲ್ಲಿ ಗೋಪುರ ಕಟ್ಟಿ ತಂದಿಟ್ಟ. ‘ಇದರಲ್ಲಿ ಏನಿದೆ?’ ಎಂದು ಒಬ್ಬಳು ಕೇಳಿದಳು. ‘ಶೇಂಗಾ’ ಎಂದು ಇವನು ಎದೆಯುಬ್ಬಿಸಿ ಹೇಳಿದ. ಆಕೆ ಎರಡು ಹೆಜ್ಜೆ ಹಿಂದೆ ಹೋದಳು. ಇನ್ನೊಬ್ಬ ಕಿಟಕಿ ತೆಗೆದ. ವಿಭಾಗದ ಕಾರ್ಯದರ್ಶಿ ಬಂದು ಕೈಗವಸು ಹಾಕಿಕೊಂಡು ತಟ್ಟೆಯನ್ನು ಹೊರಗೆ ಸಾಗಿಸಿದಳು. ಶೇಂಗಾ ತಿಂದರೆ ಕೆಲವರಿಗೆ ಗಂಟಲು ಊದಿಕೊಂಡು ಪ್ರಾಣಕ್ಕೆ ಬರುತ್ತದೆ, ಅಂಥವರು ಅಡ್ರಿನಲಿನ್ ಚುಚ್ಚುಮದ್ದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಾರೆ ಎಂದು ಅವನಿಗೆ ತಿಳಿದದ್ದು ಅಂದು. ಹುಟ್ಟಿದಾಗ ತಲೆಗೆ ಶೇಂಗಾ ಎಣ್ಣೆ, ಬೆಳೆಯುವಾಗ ಹೊಟ್ಟೆಗೆ ಶೇಂಗಾ, ಓದಿಗೆ ಶೇಂಗಾ ಮಾರಿದ ದುಡ್ಡು. ತಾನು ಆ ದೇಶದ ಪಾಲಿಗೆ ನಡೆದಾಡುವ ವಿಷದ ಬಾಟಲಿ ಎಂದು ಅವನಿಗೆ ಅನ್ನಿಸಿ, ಎರಡು ದಿನ ಯಾರ ಕೈಯನ್ನೂ ಕುಲುಕಲಿಲ್ಲ.

ಅಪ್ಪನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ನಂಬಲಿಲ್ಲ. ‘ಶೇಂಗಾ ಬೆಳೆಯೋನ್ನೇ ಪ್ರೆಸಿಡೆಂಟ್ ಮಾಡಿದ ದೇಶ ಅಲ್ಲೇನ್ಲಾ ಅದು?’ ಎಂದ. ಜಿಮ್ಮಿ ಕಾರ್ಟರ್ ಜಾರ್ಜಿಯಾದ ಪ್ಲೇನ್ಸ್ ಎಂಬ ಊರಿನ ಶೇಂಗಾ ರೈತ, 1977ರಲ್ಲಿ ಅಧ್ಯಕ್ಷನಾದ ಎಂಬುದು ಚಳ್ಳಕೆರೆಯ ಹಳೆಯ ವರ್ತಕರಲ್ಲಿ ಪೇಪರು ಓದುವವರಿಗೆಲ್ಲ ಗೊತ್ತು. ‘ಅಲ್ಲಿ ಶೇಂಗಾ ಬೆಳೆದೋನು ವೈಟ್‌ಹೌಸಿಗೆ ಹೋದ, ನಾವು ಬೆಂಬಲ ಬೆಲೆಗೆ ಎಪಿಎಂಸಿ ಗೇಟ್ ಮುಂದೆ ಕೂತೀವಿ’ ಎಂಬುದು ಅಪ್ಪನ ಅಂತರರಾಷ್ಟ್ರೀಯ ರಾಜಕೀಯ ವಿಶ್ಲೇಷಣೆ. ಇದಕ್ಕಿಂತ ಒಳ್ಳೆಯದನ್ನು ನಾನು ಸಂಪಾದಕೀಯಗಳಲ್ಲಿ ಓದಿಲ್ಲ.

ಅಪ್ಪ ಮಗನ ಮಾತುಕತೆ ನಡೆಯುವ ಹೊತ್ತನ್ನು ನಿರ್ಧರಿಸುವುದು ವಿದ್ಯುತ್ ಇಲಾಖೆ. ಬೋರ್‌ವೆಲ್ ಮೋಟರಿಗೆ ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬರುತ್ತದೆ. ಅಪ್ಪ ಹೊಲದಲ್ಲಿ ಟಾರ್ಚು ಹಿಡಿದು ಕಾಯುತ್ತಾನೆ. ಟೆಕ್ಸಾಸಿನಲ್ಲಿ ಆಗ ಹಿಂದಿನ ದಿನದ ಮಧ್ಯಾಹ್ನ ಮೂರೂವರೆ. ಮಗ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಮುಗಿಸಿ ಹೊರಗೆ ಬರುತ್ತಾನೆ. ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ಸಿನೊಳಗೆ ಮಾತ್ರ ದುಡಿಯಬಹುದು ಎಂಬುದು ಕಾನೂನು. ಊರಿನಲ್ಲಿ ತಾನು ಕುಡಿದ ಲೋಟ ತೊಳೆಯದವನು ಅಲ್ಲಿ ಯಾರ್‍ಯಾರದೋ ತಟ್ಟೆ ತೊಳೆಯುತ್ತಾನೆಂಬುದು ಅವ್ವನಿಗೆ ಗೊತ್ತಿಲ್ಲ. ‘ಡೈನಿಂಗ್ ಸರ್ವಿಸಸ್’ನಲ್ಲಿ ಇದ್ದಾನೆ ಎಂದಷ್ಟೇ ಗೊತ್ತು. ಸರ್ವಿಸ್ ಎಂದರೆ ಸರ್ಕಾರಿ ನೌಕರಿ ಎಂದು ಅವಳು ಓಣಿಗೆಲ್ಲ ಸಕ್ಕರೆ ಹಂಚಿದ್ದಾಳೆ.

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಹುಟ್ಟಿದವರಿಗೆ ಅಮೆರಿಕದ ತರಗತಿಯಲ್ಲಿ ಇನ್ನೊಂದು ಕಷ್ಟವಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನವನ್ನು 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಪತ್ತೆ ಹಚ್ಚಿದರು. ತಂದೆತಾಯಿಯ ಮಾತು ಕೇಳಬೇಕು, ಶಿಷ್ಯನಾದವನು ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ಕೊರೆದ ನಿಯಮದ ನೆರಳಲ್ಲಿ ಬೆಳೆದವನಿಗೆ, ಚಡ್ಡಿ ಹಾಕಿಕೊಂಡು ಮೇಜಿನ ಮೇಲೆ ಕೂತ ಪ್ರೊಫೆಸರು ‘ನನ್ನನ್ನು ಬ್ರ್ಯಾಡ್ ಅನ್ನು’ ಎಂದರೆ ನಾಲಿಗೆ ಹೊರಳುವುದು ಹೇಗೆ? ತಿಪ್ಪೇಸ್ವಾಮಿ ಒಂದು ಸೆಮಿಸ್ಟರ್ ಪೂರ್ತಿ ‘ಸರ್’ ಎಂದ. ಎರಡನೆಯದರಲ್ಲಿ ‘ಬ್ರ್ಯಾಡ್ ಸರ್’ ಎಂದ. ಪದವಿ ಮುಗಿಯುವ ಹೊತ್ತಿಗೆ ಹೆಸರು ಸರ್ ಎರಡನ್ನೂ ಬಿಟ್ಟು, ಮುಂದೆ ಹೋಗಿ ಕೆಮ್ಮಲು ಕಲಿತ.

ಆ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಹಾಕಿದ್ದಾನೆ. ಎಲ್ಲ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಎಂಬುದನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಮೊಳಕಾಲ್ಮೂರಿನ ಬಿಸಿಲಲ್ಲಿ ಅದನ್ನು ಓದುವವರು ಯಾರೂ ಇಲ್ಲವೆಂದು ಅವನಿಗೂ ಗೊತ್ತಿದ್ದಿರಬೇಕು. ತಿಪ್ಪೇಸ್ವಾಮಿ ತನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗೈಡಿಗೆ, ಲ್ಯಾಬಿಗೆ, ಅನುದಾನ ಕೊಟ್ಟವರಿಗೆ ಇಂಗ್ಲಿಷಿನಲ್ಲಿ ವಂದಿಸಿ, ಕೊನೆಗೆ ಕನ್ನಡ ಅಕ್ಷರಗಳಲ್ಲಿ ‘ಅವ್ವ’ ಎಂದು ಹಾಕಿದ. ಫೈಲ್ ಅಪ್‌ಲೋಡ್ ಆಗುವಾಗ ಅದು ಮೂರು ಖಾಲಿ ಚೌಕವಾಯಿತು. ಕಲ್ಲೇ ವಾಸಿ.

ಗೈಡಿನ ಹೆಂಡತಿಗೆ ಅವನು ಒಂದು ಮೊಳಕಾಲ್ಮೂರು ರೇಷ್ಮೆ ಸೀರೆ ಕೊಟ್ಟ. ಭೌಗೋಳಿಕ ಸೂಚಿಕೆ ಪಡೆದ ಸೀರೆ. ಮಗ್ಗದ ಮೇಲೆ ಕೂತು ನೇಯ್ದವನು ಅವನ ತಾಯಿಯ ಅಣ್ಣನೇ. ಆಕೆ ಸಂತೋಷದಿಂದ ಕಣ್ಣೀರು ಹಾಕಿ ಸ್ವೀಕರಿಸಿದಳು. ಮುಂದಿನ ಸಲ ಅವರ ಮನೆಗೆ ಊಟಕ್ಕೆ ಹೋದಾಗ ಅದು ಊಟದ ಮೇಜಿನ ಮೇಲೆ ಉದ್ದಕ್ಕೆ ಹಾಸಿತ್ತು, ಸೆರಗಿನ ಮೇಲೆ ಹುರಿದ ಟರ್ಕಿ ಕೋಳಿ ಕೂತಿತ್ತು. ಮಾವ ವಾಟ್ಸಾಪಿನಲ್ಲಿ, ‘ಸೀರೆ ಉಟ್ಟ ಫೋಟೊ ಕಳಿಸೋ’ ಎಂದು ಈಗಲೂ ಕೇಳುತ್ತಾನೆ.

ಅಜ್ಜಿ ಒತ್ತಾಯ ಮಾಡಿ ತುರುಕಿದ್ದ ಚಳ್ಳಕೆರೆಯ ಕರಿ ಕಂಬಳಿಯದು ಬೇರೆ ಗತಿ. ಚುಚ್ಚುತ್ತದೆ, ಕುರಿಯ ವಾಸನೆ ಎಂದು ಹಿರಿಯ ತಿಪ್ಪೇಸ್ವಾಮಿಯೊಬ್ಬ ಅದನ್ನು ಡಲ್ಲಾಸಿನ ಬೀರುವಿನಲ್ಲಿ ಬಚ್ಚಿಟ್ಟಿದ್ದ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನ ಮೇಲೆ ಹಿಮ ಸುರಿದು, ಲಕ್ಷಾಂತರ ಮನೆಗಳಲ್ಲಿ ದಿನಗಟ್ಟಲೆ ಕರೆಂಟು ಹೋಯಿತು. ಅಪಾರ್ಟ್‌ಮೆಂಟಿನ ಜನ ಗಾಬರಿಯಾಗಿ ಕಾರಿನಲ್ಲಿ ಕೂತು ಹೀಟರ್ ಹಾಕಿಕೊಂಡರು. ಇವನು ಕಂಬಳಿ ಹೊದ್ದು ಹೊರಗೆ ಬಂದು, ಯಾವ ಹೊತ್ತಿಗೆ ಕರೆಂಟು ಬರಬಹುದು, ಬಂದರೆ ಎಷ್ಟು ಹೊತ್ತು ಇರಬಹುದು, ಮೊದಲು ಏನೇನು ಚಾರ್ಜಿಗೆ ಹಾಕಬೇಕು ಎಂದು ನೆರೆಯವರಿಗೆಲ್ಲ ಹೇಳಿಕೊಟ್ಟ. ಅಮೆರಿಕದಲ್ಲಿ ಅವನ ವಿದ್ಯೆಗೆ ಬೆಲೆ ಬಂದದ್ದು ಆ ವಾರ ಒಂದೇ ಎಂದು ಅವನೇ ಒಪ್ಪಿಕೊಳ್ಳುತ್ತಾನೆ.

ಯಾವ ಊರು ಎಂದು ಕೇಳಿದರೆ ತಿಪ್ಪೇಸ್ವಾಮಿಯ ಉತ್ತರ ‘ಬೆಂಗಳೂರಿನ ಹತ್ತಿರ.’ ಹತ್ತಿರ ಎಂದರೆ ಸುಮಾರು 200 ಕಿಲೋಮೀಟರ್. ಟೆಕ್ಸಾಸಿನ ಲೆಕ್ಕದಲ್ಲಿ ಪಕ್ಕದ ಬೀದಿ. ಒಂದು ದಿನ ಕಂಟ್ರೋಲ್ ಸಿಸ್ಟಮ್ಸ್ ಪಾಠದಲ್ಲಿ ಬ್ರ್ಯಾಡ್ ಒಂದು ವಿಡಿಯೊ ಹಾಕಿದರು. ಹೆಲಿಕಾಪ್ಟರು ರೆಕ್ಕೆಯಿರುವ ಒಂದು ನೌಕೆಯನ್ನು ನಾಲ್ಕೂವರೆ ಕಿಲೋಮೀಟರ್ ಮೇಲೆ ಒಯ್ದು ಬಿಡುತ್ತದೆ, ಅದು ಯಾರ ಸಹಾಯವೂ ಇಲ್ಲದೆ ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿಯುತ್ತದೆ. 2023ರ ಏಪ್ರಿಲ್ 2ರಂದು ಇಸ್ರೋ ಮಾಡಿದ ಪ್ರಯೋಗ. ಪರದೆಯ ಮೂಲೆಯಲ್ಲಿ ಸ್ಥಳದ ಹೆಸರು: ಚಳ್ಳಕೆರೆ. ತಿಪ್ಪೇಸ್ವಾಮಿ ಕುರ್ಚಿಯಿಂದ ಎದ್ದೇಬಿಟ್ಟ. ‘ಅದು ನಮ್ಮೂರು!’ ಇಡೀ ತರಗತಿ ಅವನತ್ತ ತಿರುಗಿತು. ಬ್ರ್ಯಾಡ್ ಕಣ್ಣರಳಿಸಿ, ‘ನೀನು ಆ ರನ್‌ವೇ ನೋಡಿದ್ದೀಯಾ?’ ಎಂದರು. ಕುದಾಪುರದ ಕಡೆಯ ಕಾವಲು ಭೂಮಿಯಲ್ಲಿ ಡಿಆರ್‌ಡಿಒ, ಐಐಎಸ್ಸಿ, ಇಸ್ರೋ, ಬಾರ್ಕ್ ಎಲ್ಲ ಸಾಲಾಗಿ ಬಂದು ಕೂತ ಮೇಲೆ ಅವನ ಮನೆಯ ದನಕುರಿಗಳು ಬೇಲಿಯ ಈಚೆಗೆ, ರನ್‌ವೇ ಬೇಲಿಯ ಆಚೆಗೆ. ಅವನು ನೋಡಿದ್ದು ಬೇಲಿ. ಆದರೂ ‘ದಿನಾ ನೋಡುತ್ತಿದ್ದೆ’ ಎಂದ. ಅಂದಿನಿಂದ ಅವನಿಗೆ ಬಾಹ್ಯಾಕಾಶ ನಗರದವನೆಂಬ ಗೌರವ ಸಿಕ್ಕಿತು. ಬೆಂಗಳೂರಿನ ವಿಜ್ಞಾನಿಗಳು ಸಂಶೋಧನೆಗೆಂದು ಚಳ್ಳಕೆರೆಗೆ ಬರುತ್ತಾರೆ, ಚಳ್ಳಕೆರೆಯವನು ಅವರ ಫೋಟೊ ನೋಡಲು ಟೆಕ್ಸಾಸಿಗೆ ಹೋಗುತ್ತಾನೆ. ಇದರಲ್ಲಿ ಯಾರು ದಡ್ಡರು ಎಂದು ನಾನು ಹೇಳಹೋಗುವುದಿಲ್ಲ.

ಹಿಂದಿನ ಕಾಲದಲ್ಲೂ ಹೀಗೆ ಅಮೆರಿಕಕ್ಕೆ ಹೋದವರಿದ್ದರು. ಗೌರಿಬಿದನೂರಿನ ಕಡೆಯ ಬಡ ಹಳ್ಳಿಯಿಂದ ಬಂದ ಎಚ್. ನರಸಿಂಹಯ್ಯನವರು ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ, ಬೆಂಗಳೂರಿನ ನ್ಯಾಷನಲ್ ಕಾಲೇಜಿಗೆ ವಾಪಸು ಬಂದು, ಅಲ್ಲಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದರು. ತಿಪ್ಪೇಸ್ವಾಮಿಗೆ ಇದನ್ನು ಹೇಳಿದರೆ ಅವನು ತುಂಬ ಗೌರವದಿಂದ ಕೇಳಿಸಿಕೊಂಡು, ‘ಅವರದು ಎಜುಕೇಷನ್ ಲೋನ್ ಇತ್ತಾ ಸಾರ್?’ ಎನ್ನುತ್ತಾನೆ.

ಮಾರ್ಚ್ ತಿಂಗಳು ಬಂತೆಂದರೆ ಎರಡೂ ಕಡೆ ಎದೆಬಡಿತ. ಓದು ಮುಗಿದ ಮೇಲೆ ಒಪಿಟಿ ಎಂದು 12 ತಿಂಗಳು, ವಿಜ್ಞಾನ ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು ಕೆಲಸ ಮಾಡಬಹುದು. ಅಷ್ಟರೊಳಗೆ ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿಯಲ್ಲಿ ಹೆಸರು ಬರಬೇಕು. ವರ್ಷಕ್ಕೆ 85,000 ವೀಸಾ, ಅರ್ಜಿಗಳು ಅದರ ಎಷ್ಟೋ ಪಟ್ಟು. ನಾಯಕನಹಟ್ಟಿ ಜಾತ್ರೆಯೂ ಅದೇ ಸುಮಾರಿಗೆ ಬರುತ್ತದೆ. ಜಾತ್ರೆಯಲ್ಲಿ ಭಕ್ತರು ಒಣಕೊಬ್ಬರಿ ಸುಡುತ್ತಾರೆ, ಇಲ್ಲಿಂದ ಅಮೆರಿಕಕ್ಕೆ ಹೋದವನೊಬ್ಬ ಹರಕೆ ತಪ್ಪಬಾರದೆಂದು ಅಲ್ಲಿನ ಬಾಲ್ಕನಿಯಲ್ಲಿ ಅರ್ಧ ಕೊಬ್ಬರಿ ಬಟ್ಟಲು ಸುಟ್ಟ. ಎರಡು ಅಗ್ನಿಶಾಮಕ ವಾಹನ ಬಂದವು. ‘ಏನು ಸುಡುತ್ತಿದ್ದೆ?’ ಎಂಬ ಪ್ರಶ್ನೆಗೆ ‘ವೀಸಾ ಸಲುವಾಗಿ’ ಎಂದು ಹೇಳಿ ಅವರನ್ನು ಇನ್ನಷ್ಟು ಗೊಂದಲಕ್ಕೆ ಕೆಡವಿದ.

ಮಗನಿಗೆ ಲಾಟರಿ ಬರಲಿಲ್ಲ ಎಂದು ಕೇಳಿ ಅಪ್ಪ ಮಾತ್ರ ಅಷ್ಟೇನೂ ಕಂಗೆಡಲಿಲ್ಲ. ಪ್ರತಿವರ್ಷ ಮಳೆ ನಂಬಿ ಬೀಜ ಚೆಲ್ಲುವವನು ಅವನು. ‘ಈ ಸಲ ಕೈ ಕೊಡ್ತು. ಬರೋ ವರ್ಷ ನೋಡಾಣ’ ಎಂದ. ಆಮೇಲೆ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಬಂತು. ಅಪ್ಪ ಚೀಲದ ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ಕೈಬಿಟ್ಟ. ನಾಯಕನಹಟ್ಟಿ ರಥೋತ್ಸವದ ದಿನ ಮುಕ್ತಿ ಬಾವುಟ ಹರಾಜಾಗುತ್ತದೆ, ಲಕ್ಷ ಲಕ್ಷ ಕೂಗಿದವನಿಗೆ ಬಾವುಟ. ‘ಇಷ್ಟು ದಿನ ಚೀಟಿ ಎತ್ತುತಿದ್ರು, ಈಗ ನಮ್ಮ ಬಾವುಟದ ಪದ್ಧತಿಗೆ ಬಂದ್ರು’ ಎಂದು ಅಪ್ಪ ಮಂಡಿಯಲ್ಲಿ ಕೂತು ಅಮೆರಿಕಕ್ಕೆ ಬುದ್ಧಿ ಬಂದದ್ದನ್ನು ನಾಲ್ಕು ಜನಕ್ಕೆ ತಿಳಿಸಿದ.

ಮೊನ್ನೆ ತಿಪ್ಪೇಸ್ವಾಮಿ ಊರಿಗೆ ಬಂದಿದ್ದ. ಬಿಸ್ಲೇರಿ ಬಾಟಲಿ ಹಿಡಿದು ಓಡಾಡುವುದು, ಬಿಸಿಲಿಗೆ ‘ಓ ಗಾಡ್’ ಎನ್ನುವುದು ಎಲ್ಲ ಮೂರು ದಿನ ಇತ್ತು. ನಾಲ್ಕನೆಯ ದಿನ ಬಸ್‌ಸ್ಟ್ಯಾಂಡಿನ ಮೆಣಸಿನಕಾಯಿ ಬಜ್ಜಿ ತಿಂದು ಸರಿಹೋದ. ಪಕ್ಕದ ಓಣಿಯ ಬಿ.ಇ. ಕೊನೆಯ ವರ್ಷದ ಹುಡುಗ ಸಲಹೆ ಕೇಳಲು ಬಂದ. ತಿಪ್ಪೇಸ್ವಾಮಿ ಒಂದು ಗಂಟೆ ಮಾತಾಡಿದ. ಬಡ್ಡಿ ಹೇಳಿದ, ಬಾಡಿಗೆ ಹೇಳಿದ, ಇಂಟರ್ನ್‌ಶಿಪ್ ಸಿಗದ್ದು ಹೇಳಿದ, ನಾನೂರು ಕಡೆ ಅರ್ಜಿ ಹಾಕಿದ್ದು ಹೇಳಿದ, ಲಾಟರಿ ಹೇಳಿದ, ಲಕ್ಷ ಡಾಲರ್ ಹೇಳಿದ, ಪಾತ್ರೆಯ ವಿಷಯವನ್ನೂ ಅವ್ವ ಒಳಗಿದ್ದಾಳೆಂದು ದನಿ ತಗ್ಗಿಸಿ ಹೇಳಿದ. ‘ಈಗ ಮಾತ್ರ ಬರಬ್ಯಾಡ ಕಣೋ, ಮಾರ್ಕೆಟ್ ಸರಿ ಇಲ್ಲ’ ಎಂದ.

ಹುಡುಗ ಎಲ್ಲವನ್ನೂ ತಲೆ ಅಲ್ಲಾಡಿಸುತ್ತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಆಮೇಲೆ ಪೆನ್ನು ಎತ್ತಿ ಹಿಡಿದು ಕೇಳಿದ: ‘ಅದೆಲ್ಲ ಸರಿ ಅಣ್ಣಾ. ಲೋನಿಗೆ ಎಷ್ಟು ಎಕರೆ ಪಹಣಿ ಬೇಕಾತು? ನಮ್ದು ಮೂರು ಎಕರೆ ಖುಷ್ಕಿ ಐತೆ, ಬೋರಲ್ಲಿ ನೀರಿಲ್ಲ. ನಡೀತದಾ?’